ಜ್ವರ ಎಷ್ಟನೇ ದಿನ? ಮಲೆನಾಡಿನ ವೈದ್ಯರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳ ಪತ್ರಗಳಲ್ಲಿ ಹೆಚ್ಚಿನವು ವೈದ್ಯರದ್ದೇ. ಪ್ರಾಥಮಿಕ ಆರೋಗ್ಯ ಕೇಂದ್ರದವರು, ಸಣ್ಣ ಪೇಟೆಯಲ್ಲಿ ಕ್ಲಿನಿಕ್ ಇಟ್ಟವರು, ಜೊತೆಗೆ ಒಬ್ಬ ಆಶಾ ಕಾರ್ಯಕರ್ತೆ ಬರೆದಿದ್ದಾರೆ. ನಾನು ತೀರ್ಥಹಳ್ಳಿಯಲ್ಲಿ ಫಿಸಿಶಿಯನ್. ಸರ್ಕಾರಿ ಕೆಲಸದಲ್ಲಿದ್ದಾಗ ಹೊಸನಗರ, ಸಾಗರದ ಕಡೆಯೂ ಇದ್ದವಳು. ಪತ್ರಗಳನ್ನೆಲ್ಲ ಒಟ್ಟಿಗೆ ಇಟ್ಟು ಓದಿದಾಗ ಒಂದೇ ಚಿಂತೆ ಕಂಡಿತು: "ಇಲ್ಲಿ ಲ್ಯಾಬ್ ಇಲ್ಲ, ಶಿವಮೊಗ್ಗಕ್ಕೆ ಕಳಿಸುವುದು ಬಿಟ್ಟು ನಾನೇನು ಮಾಡಲಿ?" ಮಾಡುವುದು ಬಹಳ ಇದೆ. ಕಳಿಸುವ ಮೊದಲಿನ ಆ ಅರ್ಧ ಗಂಟೆ, ಒಂದು ಗಂಟೆಯಲ್ಲೇ ಎಷ್ಟೋ ಜೀವ ಉಳಿಯುತ್ತದೆ ಅಂತ ನಾನು ನಂಬಿದ್ದೇನೆ.

ವೈದ್ಯರಲ್ಲದ ಓದುಗರೂ ಓದಿ, ಇದು ನಿಮ್ಮ ಮನೆಯ ಜ್ವರದ ವಿಷಯವೇ. ಆದರೆ ಇಲ್ಲಿರುವ ಗುಳಿಗೆಯ ಹೆಸರು ಹಿಡಿದುಕೊಂಡು ನೇರ ಮೆಡಿಕಲ್ ಶಾಪ್‌ಗೆ ಹೋಗಬೇಡಿ, ದಯವಿಟ್ಟು.

ಮೇಡಂ, ನಮ್ಮಲ್ಲಿ ಐದಾರು ದಿನದ ಜ್ವರ ಅಂತ ಬರುವವರಲ್ಲಿ ಎಷ್ಟೋ ಜನ ವಿಡಾಲ್ (ಟೈಫಾಯಿಡ್‌ಗೆ ಮಾಡುವ ರಕ್ತಪರೀಕ್ಷೆ) ರಿಪೋರ್ಟ್ ಕೈಯಲ್ಲಿ ಹಿಡಿದೇ ಬರುತ್ತಾರೆ. ಪಾಸಿಟಿವ್ ಇರುತ್ತದೆ. ಟೈಫಾಯಿಡ್ ಅಂತ ಸೆಫ್ಟ್ರಿಯಾಕ್ಸೋನ್ ಆಂಟಿಬಯಾಟಿಕ್ ಇಂಜೆಕ್ಷನ್ ಶುರು ಮಾಡುತ್ತೇವೆ. ಕೆಲವರಿಗೆ ಜ್ವರ ಇಳಿಯುತ್ತದೆ, ಕೆಲವರಿಗೆ ಇಳಿಯುವುದೇ ಇಲ್ಲ. ಯಾಕೆ ಹೀಗೆ?
– ವೈದ್ಯಾಧಿಕಾರಿ, ಹೊಸನಗರ ತಾಲ್ಲೂಕು

ಒಂದೇ ಒಂದು ವಿಡಾಲ್ ರಿಪೋರ್ಟ್ ನೋಡಿ ಟೈಫಾಯಿಡ್ ಅಂತ ತೀರ್ಮಾನ ಮಾಡಬೇಡಿ. ಹಿಂದೆ ಯಾವಾಗಲೋ ಟೈಫಾಯಿಡ್ ಬಂದು ಹೋಗಿದ್ದರೂ ಅದು ಪಾಸಿಟಿವ್ ತೋರಿಸಬಹುದು. ಬೇರೆ ಸೋಂಕಿನಲ್ಲೂ ತೋರಿಸಬಹುದು. ನಿಜವಾದ ಟೈಫಾಯಿಡ್ ಇದ್ದಾಗ ಮೊದಲ ವಾರದಲ್ಲಿ ನೆಗೆಟಿವ್ ಬಂದರೂ ಬಂತು. ಟೈಫಾಯಿಡ್ ಗುಮಾನಿ ಗಟ್ಟಿಯಾಗಿದ್ದರೆ ಆಂಟಿಬಯಾಟಿಕ್ ಕೊಡುವ ಮೊದಲೇ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆಯಿರಿ. ನಿಮ್ಮಲ್ಲಿ ಕಲ್ಚರ್ ಬಾಟಲಿ ಇಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ ಇಟ್ಟುಕೊಳ್ಳಿ.

ಈಗ ಇಳಿಯದ ಜ್ವರದ ವಿಷಯ. ನಮ್ಮ ಕಡೆ ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ವಿಡಾಲ್ ಪಾಸಿಟಿವ್ ಆಗಿ, ಸೆಫ್ಟ್ರಿಯಾಕ್ಸೋನ್ ಕೊಟ್ಟರೂ ಇಳಿಯದ ಜ್ವರ ಅಂದರೆ ನನಗೆ ಮೊದಲು ನೆನಪಾಗುವುದು ಸ್ಕ್ರಬ್ ಟೈಫಸ್. ಹೆಸರಿನಲ್ಲಿ ಟೈಫಸ್ ಇದ್ದರೂ ಟೈಫಾಯಿಡ್‌ಗೂ ಇದಕ್ಕೂ ಸಂಬಂಧ ಇಲ್ಲ. ಹುಲ್ಲು, ಪೊದೆಯಲ್ಲಿ ಇರುವ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಚಿಗರ್ ಅನ್ನುವ ನುಸಿಮರಿ ಕಚ್ಚಿ ಬರುತ್ತದೆ. ಇದರ ರೋಗಾಣು ಜೀವಕೋಶದ ಒಳಗೆ ಹೊಕ್ಕು ಕೂರುತ್ತದೆ. ಸೆಫ್ಟ್ರಿಯಾಕ್ಸೋನ್, ಪೆನ್ಸಿಲಿನ್, ಅಮಾಕ್ಸಿಸಿಲಿನ್ ಯಾವುದೂ ಇದಕ್ಕೆ ನಾಟುವುದಿಲ್ಲ. ಐದು ದಿನ ದುಬಾರಿ ಇಂಜೆಕ್ಷನ್ ಹಾಕಿಸಿಕೊಂಡು, ಆರನೇ ದಿನ ಉಸಿರಾಟ ಕಷ್ಟವಾಗಿ ಬರುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬೇಕಾಗಿದ್ದದ್ದು ಡಾಕ್ಸಿಸೈಕ್ಲಿನ್. ಅದು ನಿಮ್ಮ ಔಷಧಿ ಕಪಾಟಿನಲ್ಲೇ ಇದೆ. ದೊಡ್ಡವರಿಗೆ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ, 7 ದಿನ.

ಕಚ್ಚಿದ ಜಾಗದಲ್ಲಿ ಎಷ್ಟೋ ಜನರಿಗೆ ಒಂದು ಕಪ್ಪು ಹಕ್ಕಳೆ ಕಟ್ಟಿರುತ್ತದೆ. ಬೀಡಿ ತಾಗಿ ಸುಟ್ಟ ಹಾಗೆ, ಸುತ್ತ ಸ್ವಲ್ಪ ಕೆಂಪು. ನೋವಿಲ್ಲ, ತುರಿಕೆ ಇಲ್ಲ. ಹಾಗಾಗಿ ರೋಗಿಗೇ ಗೊತ್ತಿರುವುದಿಲ್ಲ, ನಾವು ಹುಡುಕಬೇಕು. ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಸೊಂಟ, ಹೊಕ್ಕುಳಿನ ಸುತ್ತ, ಕಿವಿಯ ಹಿಂದೆ, ಬೆನ್ನು. ಕೋಣಂದೂರು ಕಡೆಯ ಒಬ್ಬ ಹೆಣ್ಣುಮಗಳು ತೋಟದಲ್ಲಿ ಹುಲ್ಲು ಕೊಯ್ಯುವವರು. ವಾರದ ಜ್ವರ, ವಿಪರೀತ ತಲೆನೋವು ಅಂತ ಬಂದಿದ್ದರು. ಕೈಯಲ್ಲಿ ಎರಡು ಲ್ಯಾಬಿನ ವಿಡಾಲ್. ನರ್ಸ್ ಜೊತೆಗಿದ್ದು ಸೀರೆಯ ಗಂಟು ಸ್ವಲ್ಪ ಸಡಿಲ ಮಾಡಿಸಿ ನೋಡಿದೆವು. ಒಳಲಂಗದ ಲಾಡಿ ಬಿಗಿಯುವ ಜಾಗದಲ್ಲೇ ಹಕ್ಕಳೆ ಇತ್ತು. ಡಾಕ್ಸಿ ಶುರು ಮಾಡಿದ ಮಾರನೇ ದಿನ ಸಂಜೆ ಹೊತ್ತಿಗೆ ಜ್ವರ ಬಿಟ್ಟಿತ್ತು. ಹೊರರೋಗಿ ವಿಭಾಗದ ರಶ್ಶಿನಲ್ಲಿ ಬಟ್ಟೆ ಸರಿಸಿ ನೋಡುವುದು ಕಷ್ಟ, ಗೊತ್ತು. ಒಂದು ಪರದೆ ಕಟ್ಟಿಸಿ. ಹೆಣ್ಣುಮಕ್ಕಳನ್ನು ನೋಡುವಾಗ ನರ್ಸ್ ಇರಲಿ, ಯಾಕೆ ನೋಡುತ್ತಿದ್ದೇವೆ ಅಂತ ಮೊದಲು ಹೇಳಿ. ಯಾರೂ ಬೇಡ ಅನ್ನುವುದಿಲ್ಲ.

ಹಕ್ಕಳೆ ಸಿಗಲಿಲ್ಲ ಅಂದ ಮಾತ್ರಕ್ಕೆ ರೋಗ ಇಲ್ಲ ಅಂತಲ್ಲ. ಐದು ದಿನ ದಾಟಿದ ಜ್ವರ, ಬೇರೆ ಕಾರಣ ಕಾಣುತ್ತಿಲ್ಲ, ಹುಲ್ಲು ಪೊದೆಯ ಕೆಲಸ ಇದೆ ಅಂದರೆ ರಿಪೋರ್ಟ್‌ಗೆ ಕಾಯದೆ ಡಾಕ್ಸಿ ಶುರು ಮಾಡಿ. ಸ್ಕ್ರಬ್ ಆಗಿದ್ದರೆ 48 ಗಂಟೆಯ ಒಳಗೆ ಜ್ವರ ಇಳಿಯುವುದು ಸಾಮಾನ್ಯ. ಇಳಿಯದಿದ್ದರೆ ಮತ್ತೆ ಯೋಚಿಸಿ. ಗುಳಿಗೆಯನ್ನು ಊಟದ ನಂತರ, ದೊಡ್ಡ ಲೋಟ ತುಂಬ ನೀರಿನ ಜೊತೆ ನುಂಗಿಸಿ. ನುಂಗಿದ ಕೂಡಲೇ ಮಲಗಬಾರದು, ಅನ್ನನಾಳದಲ್ಲಿ ಹುಣ್ಣಾಗುತ್ತದೆ.

ರೋಗಿ ಈಗಾಗಲೇ ಏದುಸಿರು ಬಿಡುತ್ತಿದ್ದರೆ, ಬಿಪಿ ಬಿದ್ದಿದ್ದರೆ, ಮಂಪರಾಗಿದ್ದರೆ ಮೊದಲ ಡೋಸ್ ಕೊಟ್ಟೇ ಕಳಿಸಿ. ತೀವ್ರ ಸ್ಕ್ರಬ್ ಟೈಫಸ್ ಬಗ್ಗೆ ಭಾರತದ ಏಳು ಆಸ್ಪತ್ರೆಗಳಲ್ಲಿ ನಡೆದ ಒಂದು ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ಡಾಕ್ಸಿಸೈಕ್ಲಿನ್, ಅಜಿಥ್ರೋಮೈಸಿನ್ ಎರಡನ್ನೂ ಸೇರಿಸಿ ರಕ್ತನಾಳಕ್ಕೆ ಕೊಟ್ಟವರಲ್ಲಿ ತೊಡಕುಗಳು ಬೇಗ ಕಡಿಮೆಯಾದವು. ಸಾವಿನ ಲೆಕ್ಕದಲ್ಲಿ ಮಾತ್ರ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಇದು ಐಸಿಯುನವರು ನೋಡಿಕೊಳ್ಳುವ ವಿಷಯ. ನಿಮ್ಮ ಪಾಲಿನದು ಮೊದಲ ಡೋಸ್.

ಗರ್ಭಿಣಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಡಾಕ್ಸಿಸೈಕ್ಲಿನ್ ಕೊಡಬಹುದಾ?
– ಸಮುದಾಯ ಆರೋಗ್ಯ ಅಧಿಕಾರಿ, ತೀರ್ಥಹಳ್ಳಿ ತಾಲ್ಲೂಕು

ಗರ್ಭಿಣಿಗೆ ಅಜಿಥ್ರೋಮೈಸಿನ್ 500 ಮಿಲಿಗ್ರಾಂ ದಿನಕ್ಕೆ ಒಂದು, 5 ದಿನ. ಮಕ್ಕಳಿಗೆ ಸ್ಕ್ರಬ್ ಟೈಫಸ್ ಗುಮಾನಿ ಇದ್ದರೆ ತೂಕ ನೋಡಿ ಕಡಿಮೆ ದಿನದ ಡಾಕ್ಸಿ ಕೊಡಬಹುದು. ಅಷ್ಟರಿಂದ ಹಲ್ಲು ಹಳದಿಯಾಗುತ್ತದೆ ಅನ್ನುವ ಹಳೆಯ ಹೆದರಿಕೆಗೆ ಈಗ ಆಧಾರ ಉಳಿದಿಲ್ಲ. ನೀವು ಒಬ್ಬರೇ ತೀರ್ಮಾನ ಮಾಡಬೇಡಿ, ನಿಮ್ಮ ವೈದ್ಯಾಧಿಕಾರಿಗೆ ಫೋನ್ ಮಾಡಿ ಕೇಳಿಕೊಳ್ಳಿ.

ನಾನು ಕಲಬುರಗಿ ಕಡೆಯವನು. ಈ ವರ್ಷ ಸಾಗರ ತಾಲ್ಲೂಕಿನ ಪಿಎಚ್‌ಸಿಗೆ ಬಂದಿದ್ದೇನೆ. ಮಂಗನ ಕಾಯಿಲೆ, ಇಲಿ ಜ್ವರ, ಡೆಂಗಿ ಎಲ್ಲವೂ ಜ್ವರ, ಮೈಕೈ ನೋವು, ಕಣ್ಣು ಕೆಂಪು, ಪ್ಲೇಟ್‌ಲೆಟ್ ಕಡಿಮೆ ಅಂತಲೇ ಬರುತ್ತವೆ. ಹೇಗೆ ಬೇರೆ ಮಾಡುವುದು ಮೇಡಂ?
– ಯುವ ವೈದ್ಯ, ಸಾಗರ ತಾಲ್ಲೂಕು

ನಮ್ಮ ಕಡೆಗೆ ಬಂದಿದ್ದಕ್ಕೆ ಸಂತೋಷ ಡಾಕ್ಟ್ರೇ. ಎರಡು ಪ್ರಶ್ನೆ ರೂಢಿ ಮಾಡಿಕೊಳ್ಳಿ. ಜ್ವರ ಎಷ್ಟನೇ ದಿನ? ಜ್ವರ ಬರುವ ಮೊದಲಿನ ಎರಡು ವಾರ ಎಲ್ಲಿ, ಏನು ಕೆಲಸ ಮಾಡುತ್ತಿದ್ದಿರಿ?

"ಕಾಡಿಗೆ ಹೋಗಿದ್ದಿರಾ?" ಅಂತ ಕೇಳಿದರೆ ನಮ್ಮ ಜನ ಇಲ್ಲ ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಕಾಡು ಅಂದರೆ ದೊಡ್ಡ ಕಾಡು. ದರಕು (ಉದುರಿದ ಒಣ ಎಲೆ) ಗುಡಿಸಲು ಹೋಗಿದ್ದಿರಾ, ಸೊಪ್ಪಿನ ಬೆಟ್ಟಕ್ಕೆ ಹೋಗಿದ್ದಿರಾ, ಕಟ್ಟಿಗೆ ತಂದಿರಾ, ದನ ಹೊಡೆದುಕೊಂಡು ಬರಲು ಹೋಗಿದ್ದಿರಾ ಅಂತ ಒಂದೊಂದಾಗಿ ಕೇಳಿ. ಮನೆಯ ಹಿಂದಿನ ದರಕಿನ ರಾಶಿಯೂ ಸಾಕು. ದನದ ಮೈಮೇಲೆ ಉಣುಗು ಇತ್ತಾ, ಹತ್ತಿರದಲ್ಲಿ ಮಂಗ ಸತ್ತಿತ್ತಾ ಅಂತಲೂ ಕೇಳಿ.

ಮಂಗನ ಕಾಯಿಲೆ (ಕ್ಯಾಸನೂರು ಕಾಡಿನ ಕಾಯಿಲೆ) ನಮ್ಮ ಜಿಲ್ಲೆಯದ್ದೇ ಹೆಸರು ಹೊತ್ತದ್ದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಸುತ್ತಲಿನ ಹಳ್ಳಿಯವರು ಜ್ವರಕ್ಕೆ ಬಿದ್ದರು. ಹಳದಿ ಜ್ವರ ಭಾರತಕ್ಕೆ ಬಂತೇನೋ ಅಂತ ಮೊದಲು ಭಯವಾಗಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷೆ ಮಾಡಿ ಇದು ಬೇರೆಯೇ ವೈರಸ್ ಅಂತ ಕಂಡುಕೊಂಡರು. ಹರಡುವುದು ಉಣುಗು. ಅದರ ಮರಿಗಳು ಒಣ ತಿಂಗಳಲ್ಲಿ ಜಾಸ್ತಿ, ಹಾಗಾಗಿ ನವೆಂಬರ್, ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಇದರ ಕಾಲ. 2018ರ ಕೊನೆಯಿಂದ 2019ರವರೆಗೆ ನಿಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆ ಹರಡಿದಾಗ ಏನಾಯಿತು ಅಂತ ಅಲ್ಲಿನ ಹಳೆಯ ಸಿಬ್ಬಂದಿಯನ್ನು ಕೂರಿಸಿಕೊಂಡು ಕೇಳಿ. ಅವರಿಂದ ಕಲಿಯುವುದು ಬೇಕಾದಷ್ಟಿದೆ.

ಇದು ಮೆಲ್ಲಗೆ ಶುರುವಾಗುವ ಜ್ವರ ಅಲ್ಲ. ಇದ್ದಕ್ಕಿದ್ದಂತೆ ಚಳಿ, ಮೇಲ್ಮಟ್ಟದ ಜ್ವರ, ಹಣೆ ಒಡೆಯುವಂಥ ನೋವು, ಸೊಂಟ ಮತ್ತು ಮೀನಖಂಡದ ನೋವು, ವಾಂತಿ ಅಥವಾ ಭೇದಿ. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಕೆಳಗೆ. ಬಿಪಿ ಕಡಿಮೆ. ಜ್ವರ ಇಷ್ಟಿದ್ದರೂ ಎಷ್ಟೋ ಜನರಲ್ಲಿ ನಾಡಿ ನಿಧಾನ. ಗುಮಾನಿ ಬಂದ ದಿನವೇ ರಕ್ತ ತೆಗೆದು ಐಸ್ ಪ್ಯಾಕ್ ಇಟ್ಟು ಶಿವಮೊಗ್ಗದ ಪ್ರಯೋಗಾಲಯಕ್ಕೆ ಕಳಿಸಿ. ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್ ಹೇಳುತ್ತದೆ, ಐದು ದಿನ ದಾಟಿದ ಮೇಲೆ ಐಜಿಎಂ (ರಕ್ತದಲ್ಲಿನ ಪ್ರತಿಕಾಯದ ಪರೀಕ್ಷೆ) ಕೂಡ ನೆರವಾಗುತ್ತದೆ. ಫಾರಂನಲ್ಲಿ ಜ್ವರ ಶುರುವಾದ ತಾರೀಖು ಬರೆಯದಿದ್ದರೆ ಲ್ಯಾಬಿನವರಿಗೆ ಯಾವ ಪರೀಕ್ಷೆ ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ.

ಇದಕ್ಕೆ ವೈರಸ್ ಕೊಲ್ಲುವ ಔಷಧಿ ಇಲ್ಲ. ನೀರಿನ ಅಂಶ, ಬಿಪಿ, ರಕ್ತಸ್ರಾವ ನೋಡಿಕೊಳ್ಳುವುದೇ ಚಿಕಿತ್ಸೆ. ನೂರಕ್ಕೆ ಮೂರರಿಂದ ಐದು ಜನ ಸಾಯುವ ಕಾಯಿಲೆ ಇದು. ಬೇಗ ಗುರುತಿಸಿ ಮಲಗಿಸಿ ನೋಡಿಕೊಂಡರೆ ಹೆಚ್ಚಿನವರು ಎದ್ದು ಮನೆಗೆ ಹೋಗುತ್ತಾರೆ. ಒಂದು ಮಾತು ಮರೆಯಬೇಡಿ. ನೂರಕ್ಕೆ 10ರಿಂದ 20 ಜನರಿಗೆ ಜ್ವರ ಪೂರ್ತಿ ಬಿಟ್ಟು, ಒಂದೆರಡು ವಾರ ಆರಾಮಾಗಿದ್ದು, ಮತ್ತೆ ಬರುತ್ತದೆ. ಈ ಸಲ ತಲೆನೋವು, ಕತ್ತು ಬಿಗಿತ, ಕೈನಡುಕ, ಗೊಂದಲದ ಮಾತು, ಕಣ್ಣು ಮಂಜು. ಹಾಗಾಗಿ ಡಿಸ್ಚಾರ್ಜ್ ಮಾಡುವಾಗ ಮನೆಯವರಿಗೆ ಇದನ್ನು ಹೇಳಿ, ವಾರಕ್ಕೊಮ್ಮೆ ಬಂದು ತೋರಿಸಲು ತಾರೀಖು ಬರೆದು ಕೊಡಿ.

ಇಲಿ ಜ್ವರದವರು ಬರುವುದು ಮಳೆಗಾಲದಲ್ಲಿ. ನೆಟ್ಟಿ ಕೆಲಸ, ಗದ್ದೆ ಅಂಚು ಕಡಿಯುವುದು, ತೋಟದ ಕಪ್ಪು (ನೀರು ಹೋಗುವ ಕಾಲುವೆ) ಬಿಡಿಸುವುದು, ಕೊಟ್ಟಿಗೆ ತೊಳೆಯುವುದು. ಇಲಿ ಮೂತ್ರ ಸೇರಿದ ನೀರು ಕಾಲಿನ ಗಾಯದ ಮೂಲಕ ಒಳಗೆ ಹೋಗುತ್ತದೆ. ಮೀನಖಂಡ ಮುಟ್ಟಿದರೆ ಕಿರುಚುತ್ತಾರೆ. ಕಣ್ಣು ಕೆಂಪು, ಆದರೆ ಪಿಸುರು ಇಲ್ಲ. ಕಾಮಾಲೆ ಬಂದರೆ, ಮೂತ್ರ ಕಡಿಮೆಯಾದರೆ ತಡ ಮಾಡುವ ಹಾಗಿಲ್ಲ. ನಮ್ಮಲ್ಲಿ ಕಾಮಾಲೆ ಅಂದ ಕೂಡಲೇ ಹಳ್ಳಿ ಮದ್ದಿಗೆ ಹೋಗುವ ರೂಢಿ ಬಹಳ. ಜ್ವರದ ಜೊತೆಗಿನ ಕಾಮಾಲೆಗೆ ಹಾಗೆ ಕಾಯಬಾರದು ಅಂತ ಸಿಕ್ಕವರಿಗೆಲ್ಲ ಹೇಳಿ. ಶುರುವಿನಲ್ಲಿದ್ದರೆ ಡಾಕ್ಸಿ 100 ಮಿಲಿಗ್ರಾಂ ಎರಡು ಸಲ, 7 ದಿನ. ಜೋರಾಗಿದ್ದರೆ ಪೆನ್ಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ರಕ್ತನಾಳಕ್ಕೆ. ನಿಮ್ಮ ಪಕ್ಕದ ತಾಲ್ಲೂಕಿನವರು ಹೇಳಿದ "ಕೆಲವರಿಗೆ ಇಳಿಯುತ್ತದೆ" ಅನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದು. ಟೈಫಾಯಿಡ್ ಅಂತ ಕೊಟ್ಟ ಸೆಫ್ಟ್ರಿಯಾಕ್ಸೋನ್ ಇಲಿ ಜ್ವರವನ್ನು ಇಳಿಸಿರುತ್ತದೆ.

ಗಮನಿಸಿದಿರಾ, ಡಾಕ್ಸಿ ಸ್ಕ್ರಬ್‌ಗೂ ಆಗುತ್ತದೆ, ಇಲಿ ಜ್ವರಕ್ಕೂ ಆಗುತ್ತದೆ. ಎರಡರಲ್ಲಿ ಯಾವುದು ಅಂತ ಗೊತ್ತಾಗದೆ ಒದ್ದಾಡುವಾಗ ಅದನ್ನು ಶುರು ಮಾಡಿದರೆ ಸಮಯ ಹಾಳಾಗುವುದಿಲ್ಲ. ಹಾಗಂತ ಎರಡು ದಿನದ ನೆಗಡಿ ಜ್ವರಕ್ಕೆಲ್ಲ ಹಂಚಬೇಡಿ. ಬಯಲುಸೀಮೆ ಕಡೆಯಿಂದ, ಮಂಗಳೂರು ಕಡೆಯಿಂದ ಕೆಲಸಕ್ಕೆ ಬಂದವರಾದರೆ ಮಲೇರಿಯಾ ಸ್ಮಿಯರ್ (ರಕ್ತದ ಹನಿಯ ಪರೀಕ್ಷೆ) ಬಿಡಬೇಡಿ.

ಡಾಕ್ಟ್ರಮ್ಮ, ನಮ್ಮೂರಲ್ಲಿ ಒಂದು ಮಂಗ ಸತ್ತಿತ್ತು. ಹುಡುಗರು ಕೋಲಿನಿಂದ ಎಳೆದು ಹೊಳೆಗೆ ಹಾಕಲು ಹೊರಟಿದ್ದರು. ನಾನು ಬೈದು ತಡೆದೆ. ಜನ ಕೇಳುತ್ತಾರೆ, ಮೊದಲು ಲಸಿಕೆ ಕೊಡುತ್ತಿದ್ದರಲ್ಲ, ಈಗ ಯಾಕಿಲ್ಲ ಅಂತ. ಏನು ಹೇಳಲಿ?
– ಆಶಾ ಕಾರ್ಯಕರ್ತೆ, ಹೊಸನಗರ ತಾಲ್ಲೂಕು

ನೀವು ತಡೆದದ್ದು ಬಹಳ ಒಳ್ಳೆಯದಾಯಿತಮ್ಮ. ಮಂಗ ಸತ್ತ ಮೇಲೆ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲಿನ ನೆಲದಲ್ಲಿ ಸೇರಿಕೊಳ್ಳುತ್ತವೆ. ಆ ಜಾಗದಲ್ಲಿ ಓಡಾಡಿದವರಿಗೆ, ಮೇಯುವ ದನಕ್ಕೆ ಅವು ಹತ್ತುತ್ತವೆ. ಮುಟ್ಟಬಾರದು, ಎಳೆಯಬಾರದು. ಆರೋಗ್ಯ ಕೇಂದ್ರಕ್ಕೆ, ಪಂಚಾಯಿತಿಗೆ ತಕ್ಷಣ ತಿಳಿಸಬೇಕು. ಅವರು ಬಂದು ಪರೀಕ್ಷೆಗೆ ಬೇಕಾದ್ದನ್ನು ತೆಗೆದು, ಸುಟ್ಟು, ಸುತ್ತ ಔಷಧಿ ಹೊಡೆಯುತ್ತಾರೆ. ಅಲ್ಲಿಯವರೆಗೆ ಆ ಕಡೆ ದನ ಬಿಡಬೇಡಿ ಅಂತ ಮನೆಮನೆಗೆ ಹೇಳಿ.

ಲಸಿಕೆಯ ಮಾತು. 1990ರಿಂದ ಕೊಡುತ್ತಿದ್ದ ಹಳೆಯ ಲಸಿಕೆ ಸರಿಯಾಗಿ ರಕ್ಷಣೆ ಕೊಡುತ್ತಿಲ್ಲ ಅಂತ ಕಂಡುಬಂದು ನಿಲ್ಲಿಸಿದರು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷ ವರ್ಷ ಬೂಸ್ಟರ್, ಮೇಲಿಂದ ಚುಚ್ಚಿದ ಕಡೆ ನೋವು. ಅಷ್ಟಾದರೂ ಕಾಯಿಲೆ ಬರುತ್ತಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮುಂದೆ ನಿಂತು ಹೊಸ ಲಸಿಕೆ ತಯಾರಿ ನಡೆಸುತ್ತಿದೆ. ಜನರ ಕೈಗೆ ಬರುವವರೆಗೆ ನಮಗಿರುವುದು ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆ, ಉದ್ದ ತೋಳಿನ ಅಂಗಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸುವುದು, ಬಂದ ಕೂಡಲೇ ಬಿಸಿನೀರು ಸೋಪಿನ ಸ್ನಾನ, ಬಟ್ಟೆ ಬಿಸಿನೀರಿಗೆ ಹಾಕುವುದು. ಎಣ್ಣೆ ವಾಸನೆ ಅಂತ ಜನ ಬಾಟಲಿ ಮೂಲೆಗಿಡುತ್ತಾರೆ. ಕೊಟ್ಟು ಬಂದರೆ ಸಾಲದು, ಹಚ್ಚಿಕೊಂಡರಾ ಅಂತ ಇನ್ನೊಮ್ಮೆ ಕೇಳಿ. ಉಣುಗು ಕಚ್ಚಿ ಹಿಡಿದಿದ್ದರೆ ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಬೇಕು. ಸೀಮೆಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ.

ಇನ್ನೊಂದು, ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಕಾಯಿಲೆ ಬಂದ ಮನೆಗೆ ಯಾರೂ ಹೋಗದ ಹಾಗೆ ಆಗಬಾರದು. ಅದನ್ನು ನಿಮ್ಮಷ್ಟು ಚೆನ್ನಾಗಿ ಹೇಳುವವರು ಊರಲ್ಲಿ ಬೇರೆ ಇಲ್ಲ.

ಇಂಜೆಕ್ಷನ್ ಹಾಕದಿದ್ದರೆ ನಮ್ಮ ಪೇಷೆಂಟ್‌ಗಳು ಪಕ್ಕದ ಕ್ಲಿನಿಕ್‌ಗೆ ಹೋಗುತ್ತಾರೆ. ಡೈಕ್ಲೋಫೆನಾಕ್ ಒಂದು ಹಾಕಿದರೆ ಮೈಕೈ ನೋವು ಕಡಿಮೆಯಾಗಿ ಖುಷಿಯಿಂದ ಹೋಗುತ್ತಾರೆ. ಒಂದು ಸಲ ಹಾಕಿದರೆ ಏನು ತೊಂದರೆ?
– ಕ್ಲಿನಿಕ್ ವೈದ್ಯ, ರಿಪ್ಪನ್‌ಪೇಟೆ ಹತ್ತಿರ

ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ದಿನಗೂಲಿ ಬಿಟ್ಟು ಬಂದವರಿಗೆ ನಾಳೆಯೇ ಏಳಬೇಕು. ಆದರೆ ಮೇಲೆ ಹೇಳಿದ ಪಟ್ಟಿ ನೋಡಿ. ಮಂಗನ ಕಾಯಿಲೆ, ಡೆಂಗಿ ಎರಡರಲ್ಲೂ ಪ್ಲೇಟ್‌ಲೆಟ್ ಬೀಳುತ್ತದೆ, ರಕ್ತಸ್ರಾವದ ಭಯ ಇದೆ. ಇಲಿ ಜ್ವರದಲ್ಲಿ ಕಿಡ್ನಿಗೆ ಪೆಟ್ಟು. ಡೈಕ್ಲೋಫೆನಾಕ್ ರಕ್ತಸ್ರಾವವನ್ನೂ ಹೆಚ್ಚಿಸುತ್ತದೆ, ಕಿಡ್ನಿಗೂ ಹೊರೆ. ಮೇಲಿಂದ ಸೊಂಟದ ಸ್ನಾಯುವಿಗೆ ಚುಚ್ಚಿದರೆ ಅಲ್ಲೇ ರಕ್ತ ಗಡ್ಡೆ ಕಟ್ಟಬಹುದು. ಜ್ವರದ ಕಾರಣ ಗೊತ್ತಿಲ್ಲದ ರೋಗಿಗೆ, ಅದರಲ್ಲೂ ಮಲೆನಾಡಿನಲ್ಲಿ, ಇದು ಬೇಡವೇ ಬೇಡ. ಜೊತೆಗೆ ಡೆಕ್ಸಾ ಸೇರಿಸುವ ಅಭ್ಯಾಸ ಇನ್ನೂ ಕೆಟ್ಟದ್ದು. ಸ್ಟಿರಾಯ್ಡ್ ಜ್ವರವನ್ನು ಮುಚ್ಚಿಡುತ್ತದೆ, ರೋಗ ಒಳಗೆ ನಡೆದೇ ಇರುತ್ತದೆ. ಆಗ ದಿನದ ಲೆಕ್ಕವೂ ತಪ್ಪುತ್ತದೆ.

ಪ್ಯಾರಾಸಿಟಮಾಲ್ ಸಾಕು. ಒಂದು ಸಲಕ್ಕೆ ತೂಕದ ಪ್ರತಿ ಕಿಲೋಗೆ 15 ಮಿಲಿಗ್ರಾಂ, ದೊಡ್ಡವರಿಗೆ ಏನೇ ಆದರೂ ದಿನಕ್ಕೆ 4 ಗ್ರಾಂ ದಾಟಬಾರದು. ಲಿವರ್ ಪರೀಕ್ಷೆ ಏರುಪೇರಾಗಿದ್ದರೆ ಇನ್ನೂ ಕಡಿಮೆ. ರೋಗಿಗೆ ಬೇಕಾಗಿರುವುದು ಸೂಜಿ ಅಂತ ನನಗನ್ನಿಸುವುದಿಲ್ಲ, ತನ್ನನ್ನು ಸರಿಯಾಗಿ ನೋಡಿದರು ಅನ್ನುವ ಸಮಾಧಾನ. ಮೀನಖಂಡ ಒತ್ತಿ ನೋಡಿ, ಕಣ್ಣು ನೋಡಿ, ಹೊಟ್ಟೆ ಮುಟ್ಟಿ, ಬಿಪಿ ಹಿಡಿಯಿರಿ. "ನಿಮಗೆ ಇಂಜೆಕ್ಷನ್ ಹಾಕಿದರೆ ಒಳಗೆ ರಕ್ತ ಹೋಗುವ ಭಯ ಇದೆ, ಅದಕ್ಕೆ ಹಾಕುತ್ತಿಲ್ಲ. ನಾಡಿದ್ದು ಖಂಡಿತ ಬನ್ನಿ" ಅಂತ ಹೇಳಿ. ಹಾಗೆ ಹೇಳಿಸಿಕೊಂಡವರು ಮತ್ತೆ ನಿಮ್ಮ ಹತ್ತಿರವೇ ಬರುತ್ತಾರೆ. ನನ್ನ ಕ್ಲಿನಿಕ್‌ನಲ್ಲಿ ನಾನು ಕಂಡದ್ದು ಇದೇ.

ಡೆಂಗಿ, ಆರನೇ ದಿನ, ಜ್ವರ ಇಲ್ಲ, ಪ್ಲೇಟ್‌ಲೆಟ್ 38,000. ರಕ್ತಸ್ರಾವ ಇಲ್ಲ. ಮನೆಯವರು ಪ್ಲೇಟ್‌ಲೆಟ್ ಹಾಕಿಸಲೇಬೇಕು ಅಂತ ಗಲಾಟೆ. ಕಳಿಸಲೇ?
– ವೈದ್ಯಾಧಿಕಾರಿ, ಭದ್ರಾವತಿ ತಾಲ್ಲೂಕು

ಆ ಸಂಖ್ಯೆ ಒಂದನ್ನೇ ನೋಡಿ ಕಳಿಸಬೇಕಿಲ್ಲ. ರಕ್ತಸ್ರಾವ ಇಲ್ಲದವರಿಗೆ 10,000ಕ್ಕಿಂತ ಕೆಳಗೆ ಇಳಿದಾಗ ಪ್ಲೇಟ್‌ಲೆಟ್ ಹಾಕುವ ಮಾತು ಬರುತ್ತದೆ. ಡೆಂಗಿಯಲ್ಲಿ ಜೀವ ಹೋಗುವುದು ಹೆಚ್ಚಾಗಿ ರಕ್ತನಾಳದಿಂದ ನೀರು ಸೋರಿ ಬಿಪಿ ಬೀಳುವುದರಿಂದ. ಅದು ಆಗುವುದು ಜ್ವರ ಬಿಟ್ಟ ಹೊತ್ತಿನಲ್ಲಿ. ಜ್ವರ ಹೋಯಿತು, ವಾಸಿಯಾಯಿತು ಅಂತ ಮನೆಯವರು ನಿರಾಳವಾಗುವ ಸಮಯವೇ ಅಪಾಯದ ಸಮಯ. ಬಿಪಿಯ ಮೇಲಿನ, ಕೆಳಗಿನ ಅಂಕಿಯ ಅಂತರ ನೋಡಿ. 20 ಅಥವಾ ಅದಕ್ಕೂ ಕಡಿಮೆ ಆದರೆ ಶಾಕ್ ಶುರುವಾಗಿದೆ ಅಂತ ಅರ್ಥ. ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನ ರಕ್ತ, ಮಂಕು ಅಥವಾ ಚಡಪಡಿಕೆ, ತಣ್ಣಗಾದ ಕೈಕಾಲು, ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣದ ಪಾಲು) ಏರಿಕೆ ಇದ್ದರೆ ಪ್ಲೇಟ್‌ಲೆಟ್ ಎಷ್ಟೇ ಇರಲಿ, ಐವಿ ಹಾಕಿ ಕಳಿಸಿ. ಇಲ್ಲದಿದ್ದರೆ ಅಲ್ಲೇ ಮಲಗಿಸಿಕೊಂಡು ಓಆರ್‌ಎಸ್, ಗಂಜಿ, ಎಳನೀರು, ಮಜ್ಜಿಗೆ. ಮನೆಯವರ ಕೈಗೆ ಒಂದು ಹಾಳೆ ಕೊಟ್ಟು ಎಷ್ಟು ಕುಡಿದರು, ಎಷ್ಟು ಸಲ ಮೂತ್ರಕ್ಕೆ ಹೋದರು ಅಂತ ಬರೆಯಲು ಹೇಳಿ. ಕೆಲಸ ಕೊಟ್ಟರೆ ಗಲಾಟೆ ಅರ್ಧ ಇಳಿಯುತ್ತದೆ.

ನಮ್ಮ ಪಿಎಚ್‌ಸಿಯಲ್ಲಿ ಹಾವಿನ ವಿಷದ ಔಷಧಿ ಇದೆ. ಆದರೆ ರಿಯಾಕ್ಷನ್ ಆದರೆ ಅನ್ನುವ ಭಯಕ್ಕೆ ಹಾಕದೆ ಕಳಿಸುತ್ತೇವೆ. ಇಲ್ಲಿಂದ ಶಿವಮೊಗ್ಗಕ್ಕೆ ಎರಡು ಗಂಟೆ ಮೇಲೆ ಹಿಡಿಯುತ್ತದೆ. ಸರಿಯಾ ಮೇಡಂ?
– ವೈದ್ಯೆ, ಆಗುಂಬೆ ಸೀಮೆ

ಸರಿಯಲ್ಲ. ವಿಷದ ಲಕ್ಷಣ ಇದ್ದರೆ ಅಲ್ಲೇ ಶುರು ಮಾಡಿ. ಔಷಧಿ ಕಪಾಟಿನಲ್ಲಿ ಇದ್ದೂ ರೋಗಿ ದಾರಿಯಲ್ಲಿ ಹೋಗಿಬಿಟ್ಟರೆ ಯಾರಿಗೆ ತಡೆದುಕೊಳ್ಳಲು ಆಗುತ್ತದೆ?

ಬಂದ ಕೂಡಲೇ ಎರಡು ಮಿಲಿ ರಕ್ತವನ್ನು ಹೊಸ, ಒಣಗಿದ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡಿ. ಪ್ಲಾಸ್ಟಿಕ್ ಬೇಡ, ಸೋಪಿನಲ್ಲಿ ತೊಳೆದದ್ದೂ ಬೇಡ. ಆಮೇಲೆ ಬಗ್ಗಿಸಿದಾಗ ರಕ್ತ ನೀರಾಗಿ ಹರಿದರೆ ಕೊಳಕು ಮಂಡಲದಂಥ ಹಾವಿನ ವಿಷ ಏರಿದೆ. ರೆಪ್ಪೆ ಜೋತುಬಿದ್ದರೆ, ನುಂಗಲು ಆಗದಿದ್ದರೆ ನಾಗರಹಾವು ಅಥವಾ ಕಟ್ಟುಹಾವು. ಕಟ್ಟುಹಾವಿನ ಕಡಿತದಲ್ಲಿ ಗುರುತೇ ಕಾಣದಿರಬಹುದು. ರಾತ್ರಿ ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು, ವಾಂತಿ, ಕಣ್ಣು ಬಿಡಲು ಆಗುತ್ತಿಲ್ಲ ಅಂತ ಬಂದರೆ ಅದನ್ನೇ ನೆನೆಯಿರಿ.

ಚರ್ಮಕ್ಕೆ ಚುಚ್ಚಿ ಟೆಸ್ಟ್ ಡೋಸ್ ನೋಡುವುದು ಬೇಡ, ಅದರಿಂದ ಏನೂ ತಿಳಿಯುವುದಿಲ್ಲ. 10 ವಯಲ್ (ಔಷಧಿಯ ಸಣ್ಣ ಸೀಸೆ) ಕರಗಿಸಿ ಸಲೈನ್‌ನಲ್ಲಿ ಒಂದು ಗಂಟೆಯಲ್ಲಿ ಹೋಗುವ ಹಾಗೆ ಬಿಡಿ. ವಯಲನ್ನು ಕುಲುಕಬೇಡಿ, ಮೆಲ್ಲಗೆ ತಿರುಗಿಸಿ ಕರಗಿಸಿ. ಮಗುವಿಗೂ ಅಷ್ಟೇ ವಯಲ್, ಹಾವು ಮಗು ಅಂತ ವಿಷ ಕಡಿಮೆ ಬಿಡುವುದಿಲ್ಲ. ಸಲೈನ್ ಪ್ರಮಾಣ ಮಾತ್ರ ಕಡಿಮೆ ಮಾಡಿ. ಶುರು ಮಾಡುವ ಮೊದಲೇ ಅಡ್ರಿನಾಲಿನ್ ಸಿರಿಂಜಿಗೆ ಎಳೆದು ಪಕ್ಕದಲ್ಲಿ ಇಡಿ. ದದ್ದು, ನಡುಕ, ಉಬ್ಬಸ ಕಂಡ ಕೂಡಲೇ ಡ್ರಿಪ್ ನಿಲ್ಲಿಸಿ, ದೊಡ್ಡವರಿಗೆ ಅಡ್ರಿನಾಲಿನ್ 0.5 ಮಿಲಿಗ್ರಾಂ ತೊಡೆಯ ಸ್ನಾಯುವಿಗೆ. ಕಡಿಮೆಯಾದ ಮೇಲೆ ಮತ್ತೆ ಮೆಲ್ಲಗೆ ಶುರು. ರಿಯಾಕ್ಷನ್‌ಗೆ ಔಷಧಿ ನಿಮ್ಮ ಕೈಯಲ್ಲಿದೆ. ಒಳಗೆ ಏರುತ್ತಿರುವ ವಿಷಕ್ಕೆ ಇದೊಂದೇ. ನರದ ವಿಷವಾದರೆ ಅಟ್ರೋಪಿನ್ ಮೊದಲು, ನಂತರ ನಿಯೋಸ್ಟಿಗ್ಮಿನ್. ಆಂಬು ಬ್ಯಾಗ್ (ಕೈಯಲ್ಲಿ ಒತ್ತಿ ಉಸಿರು ಕೊಡುವ ಚೀಲ) ಹಿಡಿಯಲು ಬರುವ ಒಬ್ಬರು ಆಂಬುಲೆನ್ಸ್‌ನಲ್ಲಿ ಇರಲೇಬೇಕು.

ನಿಮ್ಮ ಸೀಮೆಯದ್ದೇ ಒಂದು ತೊಡಕು ಇದೆ. ನಮ್ಮಲ್ಲಿ ಸಿಗುವ ಔಷಧಿ ನಾಲ್ಕು ಹಾವುಗಳ ವಿಷಕ್ಕೆ ತಯಾರಾದದ್ದು: ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ. ತೋಟದ ತರಗೆಲೆಯಲ್ಲಿ ಸುತ್ತಿ ಮಲಗುವ, ಮೂಗಿನ ತುದಿ ಮೇಲೆದ್ದ ಗಿಡ್ಡ ಹಾವು ಇದೆಯಲ್ಲ, ಹಂಪ್‌ನೋಸ್ಡ್ ಪಿಟ್ ವೈಪರ್, ಅದಕ್ಕೆ ಇದು ಕೆಲಸ ಮಾಡುವುದಿಲ್ಲ. ಹಸಿರು, ಕಂದು ಬಣ್ಣಗಳಲ್ಲಿ ಗಿಡದ ಮೇಲೆ ಕೂರುವ ಮಲಬಾರ್ ಪಿಟ್ ವೈಪರ್‌ಗೂ ಇಲ್ಲ. ಮೊದಲನೆಯದರಲ್ಲಿ ರಕ್ತ ಹೆಪ್ಪುಗಟ್ಟದೆ, ಕಿಡ್ನಿ ಕೆಡಬಹುದು. ಅಂಥವರಿಗೆ ವಯಲ್ ಮೇಲೆ ವಯಲ್ ಸುರಿಯದೆ ಡಯಾಲಿಸಿಸ್ ಇರುವ ಕಡೆ ಬೇಗ ಕಳಿಸಬೇಕು. ಮನೆಯವರು ಹಾವಿನ ಫೋಟೋ ಮೊಬೈಲ್‌ನಲ್ಲಿ ತಂದಿದ್ದರೆ ನೋಡಿ, ಆದರೆ ಹಾವು ಹಿಡಿಯಲು, ಹೊಡೆಯಲು ಹೋಗಬೇಡಿ ಅಂತ ಹೇಳಿ. ಗೊತ್ತಾಗದಿದ್ದರೆ ಲಕ್ಷಣ ನೋಡಿ ಮೊದಲ 10 ವಯಲ್ ಹಾಕಿ, 6 ಗಂಟೆಗೆ ಟ್ಯೂಬ್ ಪರೀಕ್ಷೆ ಮತ್ತೆ ಮಾಡುವಂತೆ ಚೀಟಿಯಲ್ಲಿ ಬರೆಯಿರಿ.

2024ರ ಫೆಬ್ರವರಿಯಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು. ಅದನ್ನು ಬರೀ ಇನ್ನೊಂದು ಫಾರಂ ಅಂತ ನೋಡಬೇಡಿ. ನಿಮ್ಮ ಪಿಎಚ್‌ಸಿಗೆ ಎಷ್ಟು ವಯಲ್ ಬರಬೇಕು ಅನ್ನುವುದಕ್ಕೆ ಆ ಲೆಕ್ಕವೇ ಆಧಾರ.

ಮೇಲಿನ ಆಸ್ಪತ್ರೆಗೆ ಕಳಿಸುವ ಚೀಟಿಯಲ್ಲಿ ಏನೇನು ಬರೆಯಬೇಕು? ನಾವು ಸಾಮಾನ್ಯವಾಗಿ "ಜ್ವರ, ಹೆಚ್ಚಿನ ಚಿಕಿತ್ಸೆಗೆ" ಅಂತ ಬರೆಯುತ್ತೇವೆ.
– ಇಂಟರ್ನ್‌ಶಿಪ್ ಮುಗಿಸಿದ ವೈದ್ಯೆ, ಶಿವಮೊಗ್ಗ

ಅಷ್ಟು ಸಾಲದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಆ ಚೀಟಿ ಬಿಡಿಸುವ ಡ್ಯೂಟಿ ಡಾಕ್ಟರ್ ಜಾಗದಲ್ಲಿ ನಿಂತು ಯೋಚಿಸಿ. ಜ್ವರ ಶುರುವಾದ ತಾರೀಖು, ಅಥವಾ ಹಾವು ಕಚ್ಚಿದ ಗಂಟೆ. ರೋಗಿ ಮಾಡುವ ಕೆಲಸ, ಕೊನೆಯ ಎರಡು ವಾರ ಓಡಾಡಿದ ಜಾಗ. ಹಕ್ಕಳೆ ಹುಡುಕಿದಿರಾ, ಸಿಕ್ಕಿತಾ. ಬಂದಾಗಿನ ಬಿಪಿ, ನಾಡಿ, ಉಸಿರು, ಆಕ್ಸಿಜನ್, ಹೊರಡುವಾಗಿನದ್ದು ಬೇರೆ. ಕೊಟ್ಟ ಔಷಧಿ, ಪ್ರಮಾಣ, ಗಂಟೆ. ಹೊರಗೆ ಬೇರೆಯವರು ಹಾಕಿದ ಇಂಜೆಕ್ಷನ್ ಯಾವುದು. ಲ್ಯಾಬಿಗೆ ರಕ್ತ ಕಳಿಸಿದ್ದರೆ ಎಂದು, ಯಾವ ಪರೀಕ್ಷೆಗೆ. ಕೊನೆಯ ಸಲ ಮೂತ್ರ ಹೋದದ್ದು ಎಷ್ಟು ಹೊತ್ತಿಗೆ. ಹೆಣ್ಣುಮಕ್ಕಳಾದರೆ ಗರ್ಭಿಣಿ ಹೌದೋ ಅಲ್ಲವೋ. ನಿಮ್ಮ ಫೋನ್ ನಂಬರ್ ಓದಲು ಬರುವ ಹಾಗೆ ಬರೆದು, ರೋಗಿ ಹೊರಟ ಕೂಡಲೇ ಅಲ್ಲಿಗೆ ಒಂದು ಕರೆ ಮಾಡಿ. ಮಾರನೇ ದಿನ ಇನ್ನೊಂದು ಕರೆ ಮಾಡಿ ಅದು ಏನಾಗಿತ್ತು ಅಂತ ಕೇಳಿಕೊಳ್ಳಿ. ಮುಂದಿನ ಅಂಥ ರೋಗಿ ನಿಮ್ಮ ಹತ್ತಿರ ಬಂದಾಗ ಆ ಉತ್ತರ ಬೇಕಾಗುತ್ತದೆ.